ಕೋಳಿಗೆ ಎರಡು ಸಲ, ಮನುಷ್ಯರಿಗೆ ಒಂದೇ ಸಲ!

ತುಂಬ ದಿನ ಆಯ್ತು ಈ ಕಡೆ ತಲೆ ಹಾಕಿ. ಅರ್ಧಕ್ಕೆ ನಿಂತ ಬರಹಗಳು ಮೂರು ಡ್ರಾಫ್ಟಿನಲ್ಲಿ ಕೂತಿವೆ. ಇವತ್ತು ಬರೀತಿರೋದು ಅವುಗಳಲ್ಲಿ ಯಾವುದೂ ಅಲ್ಲ. ಒಂದು ವಿಷಯಕ್ಕೆ ಸಿಟ್ಟು ಬಂದಿದೆ, ಬರೆದು ಮುಗಿಸದೆ ನಿದ್ದೆ ಬರಲ್ಲ ಅನ್ನಿಸಿತು. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಓದಿ.

ಹಳೇ ಓದುಗರಿಗೆ ಗೊತ್ತಿರುವಂತೆ ನಾನು ಪಶುವೈದ್ಯಕೀಯ ಓದಿದವನು. ಕೆಲವು ವರ್ಷ ಕೋಳಿ ಫಾರಂಗಳಿಂದ ಬರುವ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಇದ್ದೆ. ಅಲ್ಲಿ ದಿನ ಬೆಳಗಾದರೆ ಮಾಡ್ತಿದ್ದ ಕೆಲಸ ಒಂದೇ, ಎಚ್‌ಐ ಟೆಸ್ಟ್. ಪೂರ್ತಿ ಹೆಸರು ಹೀಮಗ್ಲುಟಿನೇಶನ್ ಇನ್‌ಹಿಬಿಷನ್. ಹೆಸರು ಕೇಳಿ ಹೆದರಬೇಡಿ, ಅಡುಗೆಮನೆ ಕೆಲಸಕ್ಕಿಂತ ಕಷ್ಟದ್ದೇನಲ್ಲ :-)

ಕೋಳಿಗಳಿಗೆ ರಾಣಿಖೇತ್ ಅಂತ ಒಂದು ರೋಗ ಬರುತ್ತೆ. ನಮ್ಮ ಕಡೆ ಕೊಕ್ಕರೆ ರೋಗ ಅಂತಾರೆ. ಬಂದರೆ ಶೆಡ್ಡಿಗೆ ಶೆಡ್ಡೇ ಖಾಲಿ. ಅದಕ್ಕೇ ಲಸಿಕೆ ಹಾಕ್ತಾರೆ, ಲಸಿಕೆ ಹಿಡಿದಿದೆಯಾ ಅಂತ ನೋಡೋಕೆ ಒಂದಷ್ಟು ಕೋಳಿಗಳ ರೆಕ್ಕೆಯ ನರದಿಂದ ರಕ್ತ ತೆಗೆದು ಲ್ಯಾಬಿಗೆ ಕಳಿಸ್ತಾರೆ. ಈ ವೈರಸ್ಸಿನ ಮೈಮೇಲೆ ಮುಳ್ಳಿನಂಥ ಪ್ರೋಟೀನು ಇರುತ್ತೆ, ಕೆಂಪು ರಕ್ತಕಣ ಸಿಕ್ಕರೆ ಅದು ಹಿಡಿದುಕೊಂಡುಬಿಡುತ್ತೆ. ಒಂದೇ ವೈರಸ್ ಎರಡು ಕಣಗಳನ್ನು ಹಿಡಿದರೆ ಅವೆರಡೂ ಅಂಟಿಕೊಂಡ ಹಾಗಾಯ್ತು. ಹಾಗೇ ಲಕ್ಷಾಂತರ ಕಣಗಳು ಒಂದಕ್ಕೊಂದು ಅಂಟಿ ಬಲೆ ಥರ ಆಗುತ್ತೆ. ಪ್ಲಾಸ್ಟಿಕ್ ಪ್ಲೇಟಿನ ಸಣ್ಣ ಗುಳಿಯಲ್ಲಿ ಇದನ್ನು ಬಿಟ್ಟು ಮುಕ್ಕಾಲು ಗಂಟೆ ಕಾದರೆ ತಳದ ತುಂಬ ತೆಳ್ಳಗೆ ಕೆಂಪು ಹರಡಿಕೊಂಡಿರುತ್ತೆ. ವೈರಸ್ ಇಲ್ಲದ ಗುಳಿಯಲ್ಲಿ ರಕ್ತಕಣಗಳು ಜಾರಿ ಕೆಳಗೆ ಹೋಗಿ, ಹಣೆಗೆ ಇಟ್ಟ ಕುಂಕುಮದ ಬೊಟ್ಟಿನ ಹಾಗೆ ಗುಂಡಗೆ ಕೂರುತ್ತವೆ.

ಈಗ ಕೋಳಿಯ ರಕ್ತದ ಸೀರಂ ಅನ್ನು ಮೊದಲೇ ಆ ವೈರಸ್ಸಿಗೆ ಸೇರಿಸಿ ಅರ್ಧ ಗಂಟೆ ಬಿಡಿ. ಸೀರಮ್ಮಿನಲ್ಲಿ ಆ ವೈರಸ್ಸಿನ ವಿರುದ್ಧ ಆಂಟಿಬಾಡಿ ಇದ್ದರೆ ಅದು ಹೋಗಿ ಆ ಮುಳ್ಳುಗಳನ್ನು ಮುಚ್ಚಿಬಿಡುತ್ತೆ. ಆಮೇಲೆ ರಕ್ತಕಣ ಹಾಕಿದರೆ ಹಿಡಿಯೋಕೆ ಕೈಯೇ ಇಲ್ಲ, ಬೊಟ್ಟು ಬೀಳುತ್ತೆ. ಅಂದರೆ ಇಲ್ಲಿ ಲೆಕ್ಕ ಉಲ್ಟಾ. ಗುಂಪು ಕಟ್ಟಿದರೆ ಆಂಟಿಬಾಡಿ ಇಲ್ಲ, ಬೊಟ್ಟು ಬಿದ್ದರೆ ಇದೆ. ಹೊಸದಾಗಿ ಸೇರಿದ ಪ್ರತಿಯೊಬ್ಬರೂ ಮೊದಲ ವಾರ ಇದನ್ನು ತಿರುಗುಮುರುಗಾಗಿ ಓದಿ ಬೈಸಿಕೊಳ್ತಿದ್ದರು. ನಾನೂ ಬೈಸಿಕೊಂಡಿದ್ದೀನಿ.

ಸೀರಮ್ಮನ್ನು ಒಂದೊಂದು ಗುಳಿಗೂ ಅರ್ಧರ್ಧ ತೆಳು ಮಾಡ್ತಾ ಹೋಗಬೇಕು. ಎರಡರಲ್ಲಿ ಒಂದು, ನಾಲ್ಕರಲ್ಲಿ ಒಂದು, ಎಂಟು, ಹದಿನಾರು, ಮೂವತ್ತೆರಡು... ಕೊನೇ ಬೊಟ್ಟು ಎಲ್ಲಿ ಸಿಗುತ್ತೋ ಅದೇ ಟೈಟರ್. ಪ್ಲೇಟನ್ನು ಸ್ವಲ್ಪ ಓರೆ ಹಿಡಿದರೆ ನಿಜವಾದ ಬೊಟ್ಟು ಕಣ್ಣೀರಿನ ಹನಿಯ ಹಾಗೆ ಕೆಳಗಿಳಿಯುತ್ತೆ, ಸುಳ್ಳು ಬೊಟ್ಟು ಇಳಿಯಲ್ಲ. ಯಂತ್ರ ಬೇಡ, ಕರೆಂಟು ಹೋದರೂ ನಡೆಯುತ್ತೆ, ಕಿಟಕಿ ಬೆಳಕು ಸಾಕು.

ಇದು ಗೊತ್ತಾಗಿದ್ದೂ ಆಕಸ್ಮಿಕವಾಗಿ. 1941ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಜಾರ್ಜ್ ಹರ್ಸ್ಟ್ ಅನ್ನುವವರು ಇನ್‌ಫ್ಲುಯೆಂಜಾ ವೈರಸ್ ಬೆಳೆಸಿದ್ದ ಮೊಟ್ಟೆಯಿಂದ ದ್ರವ ತೆಗೀತಿದ್ದಾಗ ಮರಿಯ ರಕ್ತನಾಳ ಹರಿದು ರಕ್ತ ಬೆರೆತುಹೋಯ್ತು. ಬೇರೆಯವರಾಗಿದ್ದರೆ ಥೂ ಅಂತ ಚೆಲ್ಲಿಬಿಡ್ತಿದ್ದರೇನೋ. ಅವರು ನೋಡಿದರು, ರಕ್ತಕಣಗಳು ಗುಂಪುಗುಂಪಾಗಿ ಅಂಟಿಕೊಂಡಿದ್ದವು. ಅದೇ ವರ್ಷ ಕೆನಡಾದಲ್ಲಿ ಮೆಕ್‌ಲೆಲಂಡ್ ಮತ್ತು ಹೇರ್ ಕೂಡ ಬೇರೆಯಾಗಿಯೇ ಇದನ್ನು ಕಂಡರು. ಎಚ್1ಎನ್1 ಅಂತೀವಲ್ಲ, ಅದರಲ್ಲಿನ ಎಚ್ ಅಂದರೆ ಹೀಮಗ್ಲುಟಿನಿನ್, ಇದೇ ರಕ್ತಕಣ ಹಿಡಿಯುವ ಮುಳ್ಳು. 2009ರಲ್ಲಿ ಹಂದಿಜ್ವರ ಅಂತ ಊರೆಲ್ಲ ಮಾಸ್ಕ್ ಹಾಕಿಕೊಂಡು ಓಡಾಡಿದಾಗ ಆ ಎಚ್ ಏನು ಅಂತ ಎಷ್ಟು ಜನ ಕೇಳಿದರು ಹೇಳಿ?

ಸರಿ, ಸಿಟ್ಟಿನ ವಿಷಯಕ್ಕೆ ಬರ್ತೀನಿ.

ನಮ್ಮ ಫಾರಂ ರೈತರು ಇಂಗ್ಲಿಷ್ ಓದಿದವರಲ್ಲ. ಆದರೆ ಒಂದೇ ಒಂದು ಟೈಟರ್ ನೋಡಿ ಕೋಳಿಗೆ ರೋಗ ಇದೆ ಅಂತ ಅವರಲ್ಲಿ ಯಾರೂ ಹೇಳಲ್ಲ. "ಸಾರ್, ಲಸಿಕೆಗೆ ಮುಂಚೆ ಎಷ್ಟಿತ್ತು, ಈಗ ಎಷ್ಟು ಬಂತು?" ಅಂತಾನೇ ಕೇಳೋದು. ಟೈಟರ್ ಇದೆ ಅಂದರೆ ಅದು ತಾಯಿಕೋಳಿಯಿಂದ ಮೊಟ್ಟೆಯ ಮೂಲಕ ಬಂದಿದ್ದಿರಬಹುದು, ಲಸಿಕೆಯದ್ದಿರಬಹುದು, ಹೊರಗಿನಿಂದ ಬಂದ ರೋಗದ್ದಿರಬಹುದು. ಬೊಟ್ಟಿನ ಮೇಲೆ ಹೆಸರು ಬರೆದಿರಲ್ಲ. ಹಿಂದಿನ ರಕ್ತದ ಪಕ್ಕದಲ್ಲಿ ಇಟ್ಟು ನೋಡಿದರೆ ಮಾತ್ರ ಅರ್ಥ. ಒಂದು ಕೋಳಿಗೆ ಎಷ್ಟು ಬೆಲೆ ಹೇಳಿ? ಅದಕ್ಕೇ ಎರಡು ಸಲ ರಕ್ತ ತೆಗೀತೀವಿ.

ಹೋದ ವರ್ಷ ನನ್ನ ತಂಗಿ, ಅಂದರೆ ಚಿಕ್ಕಮ್ಮನ ಮಗಳು, ಬಸುರಿ. ಒಂಬತ್ತನೇ ವಾರ. ಜ್ವರ ಇಲ್ಲ, ಮೈಮೇಲೆ ಗುಳ್ಳೆ ಇಲ್ಲ, ಆರಾಮಾಗಿದ್ದಳು. ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ ಟಾರ್ಚ್ ಅನ್ನೋ ಪರೀಕ್ಷೆಗಳ ಕಟ್ಟು ಬರೆದುಕೊಟ್ಟರು. ರಿಪೋರ್ಟ್ ಬಂತು. ರುಬೆಲ್ಲಾ ಐಜಿಜಿ ಅನ್ನುವ ಸಾಲಿನಲ್ಲಿ ದೊಡ್ಡ ಸಂಖ್ಯೆ, ದಪ್ಪ ಅಕ್ಷರದಲ್ಲಿ ಪಾಸಿಟಿವ್. ಐಜಿಎಂ ಸಾಲಿನಲ್ಲಿ ಬಾರ್ಡರ್‌ಲೈನ್. ಡಾಕ್ಟರು ಎರಡು ನಿಮಿಷ ನೋಡಿ "ಇನ್‌ಫೆಕ್ಷನ್ ಇದೆಯಮ್ಮ, ಮಗುಗೆ ಕಣ್ಣು, ಹೃದಯ, ಕಿವಿ ಎಲ್ಲಾದಕ್ಕೂ ರಿಸ್ಕು, ಮುಂದುವರಿಸೋದು ಬೇಡ ಅನ್ಸುತ್ತೆ, ಮನೇಲಿ ಯೋಚನೆ ಮಾಡಿ" ಅಂದರಂತೆ.

ರಾತ್ರಿ ಹತ್ತೂವರೆಗೆ ಫೋನು. ಅತ್ತು ಅತ್ತು ದನಿ ಕೂತುಹೋಗಿತ್ತು. "ಅಣ್ಣ, ನೀನು ಲ್ಯಾಬಲ್ಲಿ ಇದ್ದವನಲ್ವಾ, ಇದು ಏನು ಅಂತ ನೋಡಿ ಹೇಳೋ" ಅಂದಳು.

ನಾನು ಕೋಳಿ ಡಾಕ್ಟರು. ಮನುಷ್ಯರ ವಿಷಯದಲ್ಲಿ ತೀರ್ಪು ಕೊಡೋಕೆ ಹೋಗಲ್ಲ. ಆದರೆ ಆ ಕಾಗದ ನೋಡಿದ ತಕ್ಷಣ ಬಾಯಿಗೆ ಬಂದ ಪ್ರಶ್ನೆ ಫಾರಂ ರೈತರದ್ದೇ. ಮುಂಚೆ ಎಷ್ಟಿತ್ತು? ಎರಡನೇ ರಕ್ತ ಎಲ್ಲಿ?

ರುಬೆಲ್ಲಾ ಭಯ ಸುಳ್ಳಲ್ಲ, ಅದನ್ನು ಮೊದಲು ಹೇಳಿಬಿಡಬೇಕು. 1941ರಲ್ಲೇ (ಹರ್ಸ್ಟ್ ಕೆಲಸ ಮಾಡಿದ ವರ್ಷವೇ, ನೋಡಿ) ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್, ಬಸುರಿಯಲ್ಲಿ ರುಬೆಲ್ಲಾ ಬಂದ ತಾಯಂದಿರ ಮಕ್ಕಳಿಗೆ ಹುಟ್ಟುತ್ತಲೇ ಕಣ್ಣಿನ ಪೊರೆ ಬರೋದನ್ನು ಗುರುತಿಸಿದರು. 1964-65ರಲ್ಲಿ ಅಮೆರಿಕದಲ್ಲಿ ಈ ರೋಗ ಹಬ್ಬಿದಾಗ ಸುಮಾರು 20,000 ಮಕ್ಕಳು ಇದರ ತೊಂದರೆ ಹೊತ್ತುಕೊಂಡೇ ಹುಟ್ಟಿದರು ಅನ್ನೋದು ಅಂದಾಜು. ಮೊದಲ ತಿಂಗಳುಗಳಲ್ಲಿ ನಿಜವಾಗಿ ಸೋಂಕು ತಗುಲಿದರೆ ಅಪಾಯ ದೊಡ್ಡದೇ. ಅದಕ್ಕೇ ಆಗ ಒಂದು ಒಳ್ಳೆ ಪರೀಕ್ಷೆಗೆ ಅಷ್ಟು ತುರ್ತು ಇತ್ತು. 1967ರಲ್ಲಿ ಬಂದ ಪರೀಕ್ಷೆ ಯಾವುದು ಗೊತ್ತಾ? ನಾವು ಕೋಳಿಗೆ ಮಾಡ್ತಿದ್ದೀವಲ್ಲ, ಅದೇ ಎಚ್‌ಐ. ರುಬೆಲ್ಲಾ ವೈರಸ್ ಕೂಡ ರಕ್ತಕಣ ಹಿಡಿಯುತ್ತೆ, ಆಂಟಿಬಾಡಿ ಇದ್ದರೆ ಹಿಡಿಯಲ್ಲ. ಅಷ್ಟೇ ಸಂಗತಿ. ಬಹಳ ವರ್ಷ ಬಸುರಿಯರ ರುಬೆಲ್ಲಾ ಪರೀಕ್ಷೆ ಅಂದರೆ ಇದೇ ಆಗಿತ್ತು.

ಆ ಪರೀಕ್ಷೆ ಮಾಡ್ತಿದ್ದವರಿಗೆ ಕಟ್ಟುನಿಟ್ಟಾದ ಒಂದು ನಿಯಮ ಇತ್ತು. ಹೊಸ ಸೋಂಕು ಅಂತ ಹೇಳಬೇಕಾದರೆ ಎರಡು ಮೂರು ವಾರದ ಅಂತರದಲ್ಲಿ ಎರಡು ರಕ್ತ ಬೇಕು, ಎರಡನೆಯದರಲ್ಲಿ ಟೈಟರ್ ಕನಿಷ್ಠ ನಾಲ್ಕು ಪಟ್ಟು ಏರಿರಬೇಕು.

ನಾಲ್ಕು ಪಟ್ಟೇ ಯಾಕೆ, ಎರಡು ಪಟ್ಟು ಯಾಕೆ ಸಾಲದು? ಇದನ್ನು ಪ್ಲೇಟ್ ಮುಂದೆ ಕೂತವರಿಗೆ ಹೇಳಿಕೊಡಬೇಕಾಗಿಲ್ಲ. ಒಂದೊಂದು ಗುಳಿಗೂ ಅರ್ಧ ತೆಳು ಅಂದೆನಲ್ಲ, ಒಂದು ಗುಳಿ ಆಚೀಚೆ ಆದರೆ ಅದೇ ಎರಡು ಪಟ್ಟು. ನನ್ನ ಪಿಪೆಟ್ಟಿನ ತುದಿಗೆ ಒಂದು ಹನಿ ಹೆಚ್ಚು ಅಂಟಿಕೊಂಡರೂ ಒಂದು ಗುಳಿ ಜರುಗುತ್ತೆ. ಅವತ್ತಿನ ವೈರಸ್ ದ್ರಾವಣ ಸ್ವಲ್ಪ ಗಟ್ಟಿಯಾದರೆ ಒಂದು ಗುಳಿ ಕಮ್ಮಿ ಬರುತ್ತೆ. ಬೆಳಿಗ್ಗೆ ಓದಿದ್ದನ್ನು ಸಂಜೆ ಸುಸ್ತಾದ ಕಣ್ಣಿನಲ್ಲಿ ಓದಿದರೂ ಅಷ್ಟೇ. ಹಾಗಾಗಿ ಒಂದು ಗುಳಿಯ ವ್ಯತ್ಯಾಸ ನನ್ನ ಕೈಯದ್ದು, ಎರಡು ಗುಳಿ ಏರಿದರೆ ಮಾತ್ರ ರೋಗಿಯ ಮೈಯದ್ದು. ಎರಡು ಗುಳಿ ಅಂದರೆ ನಾಲ್ಕು ಪಟ್ಟು. ಇದೇ ಕಾರಣಕ್ಕೆ ಎರಡೂ ರಕ್ತವನ್ನು ಒಂದೇ ದಿನ, ಒಂದೇ ಪ್ಲೇಟಿನಲ್ಲಿ, ಮೇಲೊಂದು ಸಾಲು ಕೆಳಗೊಂದು ಸಾಲು ಇಟ್ಟು ಮಾಡಬೇಕು. ಅಂದರೆ ಮೊದಲನೇ ಸೀರಮ್ಮನ್ನು ಫ್ರೀಜರಿನಲ್ಲಿ ಕಾಪಾಡಿರಬೇಕು. ಇವತ್ತು ಒಂದು ಕಡೆ, ಮುಂದಿನ ತಿಂಗಳು ಇನ್ನೊಂದು ಕಡೆ ಮಾಡಿಸಿ ಎರಡು ಕಾಗದ ಪಕ್ಕಪಕ್ಕ ಇಟ್ಟರೆ ಅದು ಹೋಲಿಕೆ ಅಲ್ಲ.

ಈಗ ಹೆಚ್ಚಿನ ಕಡೆ ಎಚ್‌ಐ ಬದಲು ಎಲಿಸಾ ಥರದ ಯಂತ್ರದ ಪರೀಕ್ಷೆ ಬಂದಿದೆ. ತಪ್ಪಿಲ್ಲ, ಕೆಲಸ ಬೇಗ ಆಗುತ್ತೆ, ಐಜಿಎಂ ಐಜಿಜಿ ಬೇರೆ ಬೇರೆ ಹೇಳುತ್ತೆ. ಮತ್ತೆ ಬಾತುಕೋಳಿ ರಕ್ತ ತೊಳೀತಾ ಕೂರಿ ಅಂತ ನಾನು ಹೇಳ್ತಿಲ್ಲ. ನನ್ನ ತಕರಾರು ಬೇರೆ. ಗುಳಿಗಳ ಸಾಲು ಕಣ್ಣೆದುರು ಇದ್ದಾಗ ಅದು ಎಷ್ಟು ಅಳ್ಳಕದ ಅಳತೆ ಅಂತ ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಎರಡನೇ ರಕ್ತ ಕೇಳ್ತಿದ್ದರು. ಯಂತ್ರ ಬಂದು ಚುಕ್ಕಿ ಹಾಕಿ ಎರಡು ದಶಮಾಂಶ ಸೇರಿಸಿ ಸಂಖ್ಯೆ ಅಚ್ಚು ಹಾಕಿದ ಮೇಲೆ ಅದು ವೇದವಾಕ್ಯ ಆಗಿಬಿಟ್ಟಿತು. ಪರೀಕ್ಷೆ ಬದಲಾದರೂ ಅದು ಅಳೆಯೋದು ಆಂಟಿಬಾಡಿಯನ್ನೇ. ಆಂಟಿಬಾಡಿ ಅಂದರೆ ದೇಹದ ನೆನಪು. ಯಾವತ್ತಿನ ನೆನಪು ಅಂತ ಒಂದೇ ರಕ್ತದ ಐಜಿಜಿ ಹೇಳಲಾರದು. ಐಜಿಎಂ ಆದರೂ ಹೊಸದು ಅಂತ ಖಾತ್ರಿ ಕೊಡಲ್ಲ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ, ಕೆಲವು ಸಲ ಬೇರೆ ಕಾರಣಕ್ಕೆ ಸುಳ್ಳೇ ಬರುತ್ತೆ.

ಮಾರನೇ ದಿನ ನಾನೇ ಆ ಲ್ಯಾಬಿಗೆ ಫೋನ್ ಮಾಡಿದೆ.

"ಮೊದಲನೇ ಸ್ಯಾಂಪಲ್ಲಿನ ಸೀರಂ ಇದೆಯಾ? ಎರಡು ವಾರ ಬಿಟ್ಟು ಇನ್ನೊಂದು ಕೊಡ್ತೀವಿ, ಎರಡೂ ಒಟ್ಟಿಗೆ ಹಾಕಿ."

"ಇಲ್ಲ ಸಾರ್, ಮೂರು ದಿನ ಇಟ್ಕೊಂಡು ಎಸೆದುಬಿಡ್ತೀವಿ. ನೀವು ಹೊಸದಾಗಿ ಕೊಡಿ, ಡಿಸ್ಕೌಂಟ್ ಮಾಡ್ಕೊಡ್ತೀವಿ."

ಡಿಸ್ಕೌಂಟಂತೆ!

ಪುಣ್ಯಕ್ಕೆ ಮಾವನ ಕಡೆಯವರೊಬ್ಬರು ಇನ್ನೊಂದು ಊರಿನ ದೊಡ್ಡಾಸ್ಪತ್ರೆಯಲ್ಲಿ ವಯಸ್ಸಾದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಆಕೆ ರಿಪೋರ್ಟ್ ಮುಟ್ಟೋಕೆ ಮುಂಚೆ ಮಾತಾಡಿಸಿದರಂತೆ. ಜ್ವರ ಬಂದಿತ್ತಾ, ಗುಳ್ಳೆ ಎದ್ದಿತ್ತಾ, ಮನೆಯಲ್ಲಿ ಮಕ್ಕಳಿಗೆ ಬಂದಿತ್ತಾ. ಆಮೇಲೆ, "ಶಾಲೆಯಲ್ಲಿ ಯಾವಾಗಾದರೂ ಇಂಜೆಕ್ಷನ್ ಹಾಕಿಸ್ಕೊಂಡಿದ್ಯಾ ಮಗಳೇ?" ತಂಗಿಗೆ ತಕ್ಷಣ ನೆನಪಾಯಿತು. ಒಂಬತ್ತನೇ ಕ್ಲಾಸಿನಲ್ಲಿ ಇದ್ದಾಗ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹಾಕಿದ್ದರು, ಉಗುರಿಗೆ ಮಸಿ ಹಚ್ಚಿದ್ದರು, ಪಕ್ಕದ ಹುಡುಗಿ ಹೆದರಿ ತಲೆ ಸುತ್ತಿ ಬಿದ್ದಿದ್ದಳು.

ಅದೇ ದಡಾರ-ರುಬೆಲ್ಲಾ ಲಸಿಕೆ! 2017ರ ಫೆಬ್ರವರಿಯಲ್ಲಿ ಕರ್ನಾಟಕ, ತಮಿಳುನಾಡು, ಗೋವಾ ಮೊದಲಾದ ಕಡೆ ಅಭಿಯಾನ ಶುರುವಾಗಿ ಒಂಬತ್ತು ತಿಂಗಳ ಮಗುವಿನಿಂದ 15 ವರ್ಷದೊಳಗಿನವರ ತನಕ ಎಲ್ಲರಿಗೂ ಹಾಕಿದರು. ನಮ್ಮ ತಂಗಿ ಆಗ 14ರವಳು. ಅವಳ ರಕ್ತದಲ್ಲಿ ರುಬೆಲ್ಲಾ ಐಜಿಜಿ ಇರಲೇಬೇಕಲ್ಲ! ಇಲ್ಲದಿದ್ದರೆ ಯೋಚನೆ ಮಾಡಬೇಕಿತ್ತು.

ಡಾಕ್ಟರಮ್ಮ ಆದರೂ ಅಂದಾಜಿಗೆ ಬಿಡಲಿಲ್ಲ. ಹೊಸದಾಗಿ ರಕ್ತ ತೆಗೆದು ಇಡಿಸಿದರು, ಎರಡು ವಾರ ಬಿಟ್ಟು ಇನ್ನೊಂದು, ಎರಡನ್ನೂ ಒಟ್ಟಿಗೆ ಹಾಕಿಸಿದರು. ಏರಿಕೆ ಇರಲಿಲ್ಲ. ಎವಿಡಿಟಿ ಅಂತ ಇನ್ನೊಂದು ಪರೀಕ್ಷೆಯೂ ಆಯ್ತು. ಆಂಟಿಬಾಡಿಯ ಹಿಡಿತ ಎಷ್ಟು ಗಟ್ಟಿ ಅಂತ ನೋಡೋದು, ಹೊಸ ಸೋಂಕಾದರೆ ಹಿಡಿತ ಸಡಿಲ, ಹಳೆಯದಾದರೆ ಬಿಗಿ. ಬಿಗಿಯಾಗಿಯೇ ಇತ್ತು. ಆ ಎರಡು ವಾರ ಆ ಮನೆ ಹೇಗಿತ್ತು ಅಂತ ಬರೆಯಲ್ಲ. ಚಿಕ್ಕಮ್ಮ ಹೊತ್ತ ಹರಕೆಗಳನ್ನು ಇನ್ನೂ ತೀರಿಸ್ತಾನೇ ಇದ್ದಾರೆ. ಮಗುವಿಗೆ ಈಗ ಐದು ತಿಂಗಳು, ಕಣ್ಣು ಕಿವಿ ಎಲ್ಲ ಸರಿ, ದನಿಯಂತೂ ಬೀದಿಗೆಲ್ಲ ಕೇಳುತ್ತೆ.

ಇದು ಒಂದು ಮನೆಯ ಕಥೆ ಅಂತ ಬಿಡಬಹುದಿತ್ತು. ಆದರೆ ಲೆಕ್ಕ ಹಾಕಿ. 2017ರಲ್ಲಿ ಆ ಸಾಲಿನಲ್ಲಿ ನಿಂತಿದ್ದ ಹುಡುಗಿಯರೆಲ್ಲ ಈಗ ಒಬ್ಬೊಬ್ಬರಾಗಿ ತಾಯಂದಿರಾಗುವ ವಯಸ್ಸಿಗೆ ಬರ್ತಿದ್ದಾರೆ. ಅಭಿಯಾನದ ನಂತರ ಹುಟ್ಟಿದ ಮಕ್ಕಳಿಗೆ ಮಾಮೂಲಿ ಲಸಿಕೆಯಲ್ಲೇ ಇದು ಸೇರಿದೆ. ಅಂದರೆ ಇನ್ನು ಮುಂದೆ ನಮ್ಮ ಬಸುರಿಯರಲ್ಲಿ ಬಹುಪಾಲು ಎಲ್ಲರಿಗೂ ರುಬೆಲ್ಲಾ ಐಜಿಜಿ ಪಾಸಿಟಿವ್ ಬರುತ್ತೆ. ಬರಬೇಕು, ಲಸಿಕೆ ಹಾಕಿದ್ದೇ ಅದಕ್ಕೆ. ಪಾಸಿಟಿವ್ ಅಂದರೆ ರೋಗ ಅಂತ ಓದುವ ಡಾಕ್ಟರು ಹತ್ತರಲ್ಲಿ ಒಬ್ಬರೇ ಇದ್ದರೂ ಎಷ್ಟು ಮನೆಯಲ್ಲಿ ಆ ಎರಡು ವಾರ ಬರುತ್ತೆ? ಎಷ್ಟು ಮನೆಯಲ್ಲಿ ಎರಡು ವಾರ ಕಾಯದೇ ಹೋಗ್ತಾರೆ? ಯಾವ ಲಕ್ಷಣವೂ ಇಲ್ಲದ ಬಸುರಿಗೆ ಟಾರ್ಚ್ ಕಟ್ಟನ್ನು ಸುಮ್ಮಸುಮ್ಮನೆ ಬರೆಯೋದೇ ತಪ್ಪು ಅನ್ನುವ ತಜ್ಞರು ಬೇಕಾದಷ್ಟು ಜನ ಇದ್ದಾರೆ. ಬರೆಯೋದು ಮಾತ್ರ ನಿಂತಿಲ್ಲ.

ಒಂದೇ ರಕ್ತದ ತೊಂದರೆ ರುಬೆಲ್ಲಾಗೆ ಮಾತ್ರ ಅಲ್ಲ. ಎಲ್ಲರಿಗೂ ಗೊತ್ತಿರುವ ವಿಡಾಲ್ ನೋಡಿ. ಅಲ್ಲಿ ಗುಂಪಾಗೋದು ರಕ್ತಕಣ ಅಲ್ಲ, ಟೈಫಾಯ್ಡಿನ ಬ್ಯಾಕ್ಟೀರಿಯಾ, ಆದರೆ ನ್ಯಾಯ ಒಂದೇ. ಅದಕ್ಕೂ ಎರಡು ರಕ್ತ ಬೇಕು ಅಂತ ಪುಸ್ತಕದಲ್ಲಿದೆ. ಎರಡನೇ ವಿಡಾಲ್ ಮಾಡಿಸಿದವರನ್ನು ಯಾರಾದರೂ ನೋಡಿದ್ದೀರಾ? ನಮ್ಮದೇ ಮಂಗನ ಕಾಯಿಲೆ ತಗೊಳ್ಳಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ ಹಿಡಿದರು, ಕಾಡಂಚಿನ ಜನರಲ್ಲಿ ಪ್ರಾಣಿಗಳಲ್ಲಿ ಆಂಟಿಬಾಡಿ ಹುಡುಕೋಕೆ ಈ ರಕ್ತಕಣದ ಪರೀಕ್ಷೆಯನ್ನೂ ಬಳಸಿದರು. ಅದಕ್ಕೆ ಗೂಸ್ ಅನ್ನೋ ದೊಡ್ಡ ಬಾತಿನ ರಕ್ತ ಬೇಕು, ಹುಳಿ ಪ್ರಮಾಣ ಸ್ವಲ್ಪ ಆಚೀಚೆ ಆದರೂ ಗುಂಪು ಕಟ್ಟಲ್ಲ. ಅಷ್ಟೆಲ್ಲ ಮಾಡಿದರೂ ಡೆಂಗಿ, ಜಪಾನೀಸ್ ಮಿದುಳುಜ್ವರ, ಮಂಗನ ಕಾಯಿಲೆ ಎಲ್ಲ ಒಂದೇ ಕುಟುಂಬದ ವೈರಸ್‌ಗಳು, ಒಂದಕ್ಕೆ ಹುಟ್ಟಿದ ಆಂಟಿಬಾಡಿ ಇನ್ನೊಂದರ ಪ್ಲೇಟಿನಲ್ಲೂ ಬೊಟ್ಟು ಬೀಳಿಸುತ್ತೆ. ಅದಕ್ಕೇ ಆ ಕೆಲಸ ಮಾಡಿದವರು ಒಂದು ಪ್ಲೇಟ್ ನೋಡಿ ಮಾತಾಡ್ತಿರಲಿಲ್ಲ.

ಎದುರು ವಾದ ನನಗೂ ಗೊತ್ತು. ಜ್ವರದಲ್ಲಿ ನರಳುವವನಿಗೆ ಎರಡು ವಾರ ಬಿಟ್ಟು ಬಾ ಅನ್ನೋಕಾಗುತ್ತಾ? ಆಗಲ್ಲ. ಚಿಕಿತ್ಸೆ ಇವತ್ತೇ ಶುರುವಾಗಬೇಕು, ಮೊದಲ ದಿನಗಳಲ್ಲಿ ವೈರಸ್ಸನ್ನೇ ಹುಡುಕುವ ಪಿಸಿಆರ್ ಇದೆ, ಅದು ಮಾಡಲಿ. ಹಳ್ಳಿಯಿಂದ ಬಸ್ಸಿನ ದುಡ್ಡು ಹೊಂದಿಸಿಕೊಂಡು ಬಂದವರಿಗೆ ಇನ್ನೊಂದು ಸಲ ಬಾ ಅಂದರೆ ಅದೂ ಹಿಂಸೆ. ಜ್ವರ ಬಿಟ್ಟ ಮೇಲೆ ಯಾರೂ ರಕ್ತ ಕೊಡೋಕೆ ಬರಲ್ಲ, ನಾನೂ ಹೋಗಲ್ಲ. ಆದರೆ ಬಸುರಿ ತೆಗೆಸು ಅನ್ನುವಷ್ಟು ದೊಡ್ಡ ಮಾತನ್ನು ಒಂದೇ ಕಾಗದದ ಮೇಲೆ ಆಡುವ ಮುಂಚೆ ಎರಡನೇ ಸೂಜಿ ಚುಚ್ಚಿಸೋದು ಹಿಂಸೆ ಅಲ್ಲ.

ಅಂದ ಹಾಗೆ ರಕ್ತಕಣದ ಪರೀಕ್ಷೆ ಮ್ಯೂಸಿಯಂ ಸೇರಿಲ್ಲ. ಪ್ರತಿ ವರ್ಷ ಫ್ಲೂ ಲಸಿಕೆಯಲ್ಲಿ ಯಾವ ತಳಿ ಹಾಕಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಕೂತು ನಿರ್ಧರಿಸುವಾಗ ನೋಡುವ ಲೆಕ್ಕಗಳಲ್ಲಿ ಎಚ್‌ಐ ಇವತ್ತಿಗೂ ಇದೆ. ಎಚ್3ಎನ್2 ಮಾತ್ರ ಈಚಿನ ವರ್ಷಗಳಲ್ಲಿ ಕೋಳಿ ರಕ್ತಕಣ ಹಿಡಿಯೋದನ್ನೇ ಬಿಟ್ಟಿದೆ, ಗಿನಿಪಿಗ್ ರಕ್ತ ಹುಡುಕಬೇಕಾಗಿದೆ! ಕೊರೋನಾ ಬಂದಾಗ ಆಕ್ಸ್‌ಫರ್ಡಿನ ಒಂದು ತಂಡ ಕೆಂಪು ರಕ್ತಕಣಕ್ಕೆ ಆ ವೈರಸ್ಸಿನ ಮುಳ್ಳಿನ ತುಂಡನ್ನು ಅಂಟಿಸುವ ಉಪಾಯ ಮಾಡಿ, ಯಂತ್ರ ಇಲ್ಲದೆ ಬರಿಗಣ್ಣಿನಲ್ಲಿ ಓದುವ ಆಂಟಿಬಾಡಿ ಪರೀಕ್ಷೆಯನ್ನು 2021ರಲ್ಲಿ ಪ್ರಕಟಿಸಿತು. (ಇದರಲ್ಲಿ ಲೆಕ್ಕ ನೇರ, ಗುಂಪು ಕಟ್ಟಿದರೆ ಆಂಟಿಬಾಡಿ ಇದೆ ಅಂತಲೇ.) ಸೋಂಕಾದವರಲ್ಲಿ 90% ಜನರನ್ನು ಹಿಡಿಯಿತು, ಆಗದವರಲ್ಲಿ 99% ಸರಿಯಾಗಿ ಬಿಟ್ಟಿತು. ಹತ್ತು ಸಾವಿರ ಗುಳಿಗೆ ಸಾಕಾಗುವಷ್ಟು ಸಾಮಗ್ರಿಯನ್ನು ಕೇಳಿದ ಸಂಶೋಧಕರಿಗೆ ಪುಕ್ಕಟೆ ಕಳಿಸ್ತೀವಿ ಅಂದರು. ಓದಿ ನನಗೆ ಹಳೇ ಲ್ಯಾಬಿನ ಕಿಟಕಿ ನೆನಪಾಗಿ ಖುಷಿಯಾಗಿತ್ತು.

ನಾನು ಕೇಳೋದು ದೊಡ್ಡದೇನಲ್ಲ. ಬಸುರಿಯರ ಆಂಟಿಬಾಡಿ ಪರೀಕ್ಷೆ ಮಾಡುವ ಲ್ಯಾಬುಗಳು ಮೊದಲನೇ ಸೀರಮ್ಮನ್ನು ಮೂರು ದಿನ ಅಲ್ಲ, ಒಂದು ತಿಂಗಳು ಫ್ರೀಜರಿನಲ್ಲಿ ಇಡಲಿ. ಅರ್ಧ ಮಿಲಿಯ ಒಂದು ಪುಟ್ಟ ಟ್ಯೂಬು, ಎಷ್ಟು ಜಾಗ ಹಿಡಿಯುತ್ತೆ? ಐಜಿಜಿ ಪಾಸಿಟಿವ್ ಅಂತ ಅಚ್ಚು ಹಾಕುವ ಸಾಲಿನ ಕೆಳಗೆ "ಹಿಂದೆ ಲಸಿಕೆ ಪಡೆದಿದ್ದರೂ ಹೀಗೆ ಬರುತ್ತದೆ" ಅಂತ ಕನ್ನಡದಲ್ಲಿ ಒಂದು ಸಾಲು ಹಾಕಲಿ. ಮನೆಯಲ್ಲಿ 2017ರ ಲಸಿಕೆ ಹಾಕಿಸಿಕೊಂಡ ಹೆಣ್ಣುಮಕ್ಕಳಿದ್ದರೆ ಆ ಇಸವಿಯನ್ನು ಅವರ ತಾಯಿ ಕಾರ್ಡಿನ ಮೊದಲ ಪುಟದಲ್ಲಿ ಪೆನ್ನಿನಲ್ಲಿ ಬರೆದಿಡಿ, ಇವತ್ತೇ.

ಬ್ಲಾಗ್ ಬಳಗದಲ್ಲಿ ಡಾಕ್ಟರುಗಳು, ಲ್ಯಾಬ್ ಟೆಕ್ನಿಷಿಯನ್‌ಗಳು ಇದ್ದೀರಿ. ನಾನು ಕೋಳಿಗಳ ಕಡೆಯವನು, ಎಲ್ಲಾದರೂ ತಪ್ಪಿದ್ದರೆ ಮುಲಾಜಿಲ್ಲದೆ ತಿದ್ದಿ. ಮತ್ತೆ ಇದೊಂದನ್ನು ಹೇಳಿ, ನಿಮ್ಮ ಲ್ಯಾಬಿನಲ್ಲಿ ಸೀರಂ ಎಷ್ಟು ದಿನ ಇಡ್ತೀರಿ?